ಸಿಸ್ಟರ್, ನಿಮಗೇನನ್ನಿಸ್ತು?

ನಿಜ ಹೇಳಿ, ನಾನು ಯಾರಿಗೂ ಹೇಳಲ್ಲ. ವಾರ್ಡ್ ಪೋಸ್ಟಿಂಗ್ ಮುಗಿಸಿ ಬರೆಯೋ ಆ ರಿಫ್ಲೆಕ್ಟಿವ್ ಜರ್ನಲ್ ಇದೆಯಲ್ಲ, ಅದನ್ನ ಯಾವಾಗ ಬರೀತೀರಿ? ಸಬ್‌ಮಿಷನ್ ಹಿಂದಿನ ರಾತ್ರಿ ತಾನೆ? ಪಕ್ಕದಲ್ಲಿ ಸೀನಿಯರ್ ಅಕ್ಕನ ರೆಕಾರ್ಡು (ಸುಮ್ನೆ ಫಾರ್ಮ್ಯಾಟ್ ನೋಡೋಕೆ!). ಅಕ್ಕನಿಗೆ ಹೋದ ವರ್ಷ ಆದ ದುಃಖವೇ ಈ ವರ್ಷ ನಿಮಗೂ ಆಗುತ್ತೆ, ಸ್ಪೆಲ್ಲಿಂಗ್ ಮಿಸ್ಟೇಕ್ ಸಮೇತ.

ಪಾಪ, ಗ್ರಹಾಂ ಗಿಬ್ಸ್ ಅನ್ನೋ ಇಂಗ್ಲೆಂಡಿನ ಮೇಷ್ಟ್ರು 1988ರಲ್ಲಿ ಒಂದು ಸೈಕಲ್ ಕೊಟ್ರು. ಏನಾಯ್ತು, ಏನನ್ನಿಸ್ತು, ಯಾವುದು ಸರಿ ಯಾವುದು ಎಡವಟ್ಟು, ಯಾಕೆ ಹಾಗಾಯ್ತು, ಬೇರೇನು ಮಾಡಬಹುದಿತ್ತು, ಮುಂದಿನ ಸಲ ಏನ್ಮಾಡ್ತೀರಿ ಅಂತ ಆರು ಪ್ರಶ್ನೆ. ಮೊದಲನೇದಕ್ಕೆ ಬಿಪಿ, ಪಲ್ಸು, ಡಯಾಗ್ನೋಸಿಸ್ಸು ಅಂತ ಒಂದೂವರೆ ಪುಟ ಓಡಿಸ್ತೀರಿ. ಎರಡನೇದಕ್ಕೆ ಬಂದ್ರೋ, ಪಂಕ್ಚರ್! “ಬೇಸರವಾಯಿತು. ನಂತರ ಆತ್ಮವಿಶ್ವಾಸ ಹೆಚ್ಚಿತು.” ಮುಗೀತು.

ಅಲ್ಲ, ಅಷ್ಟೇನಾ? ಕ್ಯಾನುಲಾ ಹಾಕೋವಾಗ ವೇನ್ ಸಿಗದೆ ಅಜ್ಜಿ ಕೈ ಊದಿಕೊಳ್ತಲ್ಲ, “ಓಗ್ಲಿ ಬುಡವ್ವ, ಇನ್ನೊಂದು ಕಿತ ಚುಚ್ಚು” ಅಂತ ಆ ಅಜ್ಜಿಯೇ ನಿಮಗೆ ಧೈರ್ಯ ಹೇಳಿದ್ರಲ್ಲ, ಆಗ ಆಗಿದ್ದು ಬೇಸರವಾ? ನಾಚಿಕೆ ತಾನೆ? ಸ್ವಲ್ಪ ಸಿಟ್ಟೂ ಇತ್ತು (ಅಜ್ಜಿ ಮೇಲಲ್ಲ, ಹಿಂದೆ ನಿಂತು ಲೊಚಗುಟ್ಟಿದ ಇನ್‌ಚಾರ್ಜ್ ಮೇಲೆ).

ಬರೆದ್ರಾ ಅದನ್ನ? ಎಲ್ಲಿ! ಹಾಸ್ಟೆಲ್ಲಿಗೆ ಬಂದು ರೂಮ್‌ಮೇಟ್ ಮುಂದೆ ಕಕ್ಕಿದ್ರಿ. ಅತ್ರಿ, ಇನ್‌ಚಾರ್ಜ್ ಥರ ಲೊಚಗುಟ್ಟಿ ತೋರಿಸಿ ನಕ್ರಿ. ಕೊನೆಗೆ “ಅವಸರ ಮಾಡ್ಬಿಟ್ಟೆ ಕಣೇ, ನಾಳೆ ಟೂರ್ನಿಕೆ ಕಟ್ಟಿ, ಬೆರಳಲ್ಲಿ ಮುಟ್ಟಿ ನೋಡಿ ಆಮೇಲೇ ಚುಚ್ತೀನಿ” ಅಂದ್ರಿ. ಗೊತ್ತಾಯ್ತಾ? ಗಿಬ್ಸ್ ಸೈಕಲ್ಲಲ್ಲಿ ಒಂದು ರೌಂಡು ಪೂರ್ತಿ ಹೊಡೆದುಬಿಟ್ರಿ! ಜರ್ನಲ್ ಮಾತ್ರ ಬ್ಯಾಗಲ್ಲೇ ಮಲಗಿತ್ತು.

ನಿಮ್ಮೊಬ್ಬರದೇ ತಪ್ಪಲ್ಲ ಅನ್ನಿ. ಮನಸ್ಸು ಬಿಚ್ಚಿ ಬರೀರಿ ಅಂತಾರೆ, ಬರೆದದ್ದಕ್ಕೆ ಮಾರ್ಕ್ಸ್ ಹಾಕ್ತಾರೆ. ನಾಚಿಕೆಗೆ ಹತ್ತಕ್ಕೆ ಎಷ್ಟು ಕೊಡ್ತಾರೆ, ಹೇಳಿ ನೋಡೋಣ? ವೈವಾದಲ್ಲಿ ಆ ಊದಿದ ಕೈಯನ್ನೇ ಹಿಡ್ಕೊಂಡು ಕೂತ್ರೆ? ನನ್ನ ಕೇಳಿದ್ರೆ, ಇದಕ್ಕೆ ಮಾರ್ಕ್ಸೇ ಬೇಡ. ಮೇಡಂ ಓದಿ, ಹತ್ರ ಕೂರಿಸ್ಕೊಂಡು ಒಂದು ಕಾಫಿ ಕುಡಿಯೋಷ್ಟು ಹೊತ್ತು ಮಾತಾಡಿದ್ರೆ ಸಾಕು. (ನನ್ನ ಯಾರು ಕೇಳ್ತಾರೆ!)

ಕೋರ್ಸ್ ಮುಗಿಸಿ ಇಂಗ್ಲೆಂಡಿಗೆ ಹಾರಿದ್ರೆ ಈ ಕಾಟ ತಪ್ಪುತ್ತೆ ಅಂದ್ಕೊಂಡ್ರಾ? ಅಯ್ಯೋ ತಾಯಿ! ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ 2016ರಿಂದ ಮೂರು ವರ್ಷಕ್ಕೊಮ್ಮೆ ಐದು ರಿಫ್ಲೆಕ್ಟಿವ್ ಬರಹ ಕೇಳುತ್ತೆ, ರಿಜಿಸ್ಟ್ರೇಷನ್ ಉಳಿಯಬೇಕಂದ್ರೆ. ರೋಗಿಯ ಗುರುತು ಬಿಟ್ಟುಕೊಡೋ ಹಾಗಿಲ್ಲ. ಬರೆದಾದ ಮೇಲೆ ಅದೇ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದ ಇನ್ನೊಬ್ಬರ ಜೊತೆ ಕೂತು ಮಾತಾಡಲೂ ಬೇಕು. ಅವರೂ ವೇನ್ ಸಿಗದೆ ಒದ್ದಾಡಿದೋರೇ. “ಬೇಸರವಾಯಿತು” ಅಂತ ನೀವು ಓದ್ತೀರಿ. ಅವರು ಕನ್ನಡಕ ಇಳಿಸಿ “ಆಮೇಲೆ?” ಅಂತಾರೆ. ಏನ್ ಹೇಳ್ತೀರಿ?