ಬಾನೆಟ್ ಪಂಡಿತ

ಬೀದರ್ ಜಿಲ್ಲೆಯ ಯಾವುದೇ ರಸ್ತೆಯಲ್ಲಿ ಕಾರೊಂದು ಕೆಟ್ಟು ನಿಂತು ಅದರ ಬಾನೆಟ್ ಮೇಲೆದ್ದ ಕೆಲವೇ ನಿಮಿಷಗಳಲ್ಲಿ, ಯಾರೂ ಕರೆಯದಿದ್ದರೂ ಬಂದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಂಜಿನ್ನಿನೊಳಗೆ ಇಣುಕುವ ವ್ಯಕ್ತಿಯನ್ನು ಬಾನೆಟ್ ಪಂಡಿತನೆಂದು ಗುರುತಿಸಬಹುದು. ಈತನನ್ನು ಮಿಸ್ತ್ರಿಯೆಂದು ತಪ್ಪು ತಿಳಿಯುವ ಸಂಭವ ಕಡಿಮೆ. ಮಿಸ್ತ್ರಿಯ ಉಗುರಿನ ಸಂದಿಯಲ್ಲಿ ಮಸಿಯಿರುತ್ತದೆ, ಪಂಡಿತನ ಬಿಳಿ ಅಂಗಿಗಾದರೋ ಜನ್ಮದಲ್ಲಿ ಒಂದು ತೊಟ್ಟು ಆಯಿಲ್ ತಾಗಿರುವುದಿಲ್ಲ. ಗ್ಯಾರೇಜು, ಪಾನಾ, ಅನೇಕ ವೇಳೆ ಸ್ವಂತ ಕಾರು ಕೂಡ ಇಲ್ಲದ ಈತನ ಬಳಿ ಸದಾ ಸಿದ್ಧವಾಗಿರುವ ಏಕೈಕ ಸಲಕರಣೆಯೆಂದರೆ ಅಭಿಪ್ರಾಯ.

ಪಂಡಿತನಿಗೆ ಅತ್ಯಂತ ಪ್ರಿಯವಾದ ರೋಗವೆಂದರೆ, ಊರೊಳಗೆ ಯಾವ ತಕರಾರೂ ಇಲ್ಲದೆ ಓಡುವ ಕಾರು ಹೆದ್ದಾರಿಯಲ್ಲಿ ತಾಸಿಗೆ 90 ಕಿಲೋಮೀಟರ್ ವೇಗ ಮುಟ್ಟಿದೊಡನೆ ಬಂದ್ ಬೀಳುವುದು. ಪಂಕ್ಚರು, ಒಡೆದ ರೇಡಿಯೇಟರು ಮೊದಲಾದವು ಎಲ್ಲರ ಕಣ್ಣಿಗೂ ಬೀಳುವುದರಿಂದ ಅವುಗಳಲ್ಲಿ ಪಾಂಡಿತ್ಯಕ್ಕೆ ಅವಕಾಶವಿಲ್ಲ. ವೇಗದಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷವನ್ನಾದರೆ ನಿಂತ ಕಾರಿನಲ್ಲಿ ತೋರಿಸಲೂ ಬರುವುದಿಲ್ಲ, ಅದರ ಬಗ್ಗೆ ಆಡಿದ ಮಾತು ಸುಳ್ಳೆಂದು ಸಾಧಿಸಲೂ ಬರುವುದಿಲ್ಲ.

ಪ್ರದೇಶಾನುಸಾರವಾಗಿ ಪಂಡಿತರಲ್ಲಿ ಮೂರು ಪಂಥಗಳಿವೆ. ಬೀದರ್ ನಗರದವನು ಶ್ರವಣಪಂಥಿ. ವಾಯುಪಡೆಯ ತರಬೇತಿ ನೆಲೆಯಿರುವ ಊರಿನಲ್ಲಿ ಹುಟ್ಟಿ, ತಲೆಯ ಮೇಲೆ ಹಾಕ್ ವಿಮಾನಗಳ ಸದ್ದು ಕೇಳುತ್ತ ಬೆಳೆದ ತನಗೆ ಪೆಟ್ರೋಲ್ ಕಾರಿನ ಸದ್ದು ಯಾವ ಲೆಕ್ಕವೆಂದು ನಂಬಿರುವ ಈತ, ಕಣ್ಣು ಮುಚ್ಚಿ ಆಲಿಸಿಯೇ ತೀರ್ಪು ಕೊಡುತ್ತಾನೆ. ಭಾಲ್ಕಿಯವನು ಕಬ್ಬು ಹೇರಿದ ಟ್ರ್ಯಾಕ್ಟರುಗಳ ನಡುವೆ ವಿದ್ಯೆ ಕಲಿತವನಾದ್ದರಿಂದ ಎಲ್ಲ ಕೇಡಿಗೂ ‘ಹವಾ ಹಿಡದದ’ ಎಂಬ ಒಂದೇ ನಿದಾನ ಹೇಳುತ್ತಾನೆ. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡು ಇಂಧನ ಮುಂದೆ ಸಾಗದಿರುವುದೇ ಹವಾ ಹಿಡಿಯುವುದಾಗಿದ್ದು, ಎದುರಿಗಿರುವುದು ಪೆಟ್ರೋಲ್ ಕಾರೆಂಬುದು ಆತನ ಸಿದ್ಧಾಂತಕ್ಕೆ ಬಾಧಕವಾಗುವುದಿಲ್ಲ. ಔರಾದಿನವನು ಒದ್ದೆಬಟ್ಟೆಯ ಪಂಥದವನು. ಅಂಬಾಸಿಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಿದ್ದ ಪಂಪಿನಲ್ಲಿ ಬೇಸಗೆಯ ಬಿಸಿಗೆ ಪೆಟ್ರೋಲು ಆವಿಯಾಗಿ ಹರಿವು ನಿಲ್ಲುತ್ತಿದ್ದುದರಿಂದ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ಆಗ ನಿಜವಾದ ಮದ್ದಾಗಿತ್ತು. ಇಂದಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಹಿಂಭಾಗದ ಟ್ಯಾಂಕಿನೊಳಗೇ ಮುಳುಗಿರುತ್ತದೆಂಬ ಸುದ್ದಿ ಮಾತ್ರ ಮಾಂಜ್ರಾ ನದಿ ದಾಟಿ ಆತನವರೆಗೆ ಇನ್ನೂ ತಲುಪಿಲ್ಲ.

ವಸ್ತುತಃ ವೇಗದಲ್ಲಿ ಬಂದ್ ಬೀಳುವ ಈ ರೋಗಕ್ಕೆ ಕಾರಣಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಇಂಧನದ ಕೊರತೆ. ಸಾವಕಾಶ ಓಡುವಾಗ ಎಂಜಿನ್ನಿಗೆ ಬೇಕಾಗುವ ಪೆಟ್ರೋಲು ಸ್ವಲ್ಪವೇ ಆದ್ದರಿಂದ, ಅರ್ಧ ಕಟ್ಟಿಕೊಂಡ ಫಿಲ್ಟರಾಗಲಿ ದಣಿದ ಪಂಪಾಗಲಿ ಊರೊಳಗೆ ಹೇಗೋ ನಿಭಾಯಿಸುತ್ತದೆ, ವೇಗ ಹೆಚ್ಚಿ ಬೇಡಿಕೆ ಏರಿದಾಗ ಕೈಚೆಲ್ಲುತ್ತದೆ. ಟ್ಯಾಂಕಿನೊಳಗೆ ಗಾಳಿ ಹೋಗುವ ದಾರಿ ಮುಚ್ಚಿಕೊಂಡಿದ್ದರೂ ಒಳಗೆ ನಿರ್ವಾತವುಂಟಾಗಿ ಇದೇ ಫಲ ಸಿಗುತ್ತದೆ. ಇಂಥಲ್ಲಿ ಕಾರು ಒಮ್ಮೆಲೆ ನಿಲ್ಲದೆ ಮೊದಲು ಪಿಕಪ್ ಕಳೆದುಕೊಂಡು, ಜರ್ಕ್ ಹೊಡೆದು, ಆಮೇಲೆ ಬಂದ್ ಬೀಳುತ್ತದೆ. ಎರಡನೆಯದು ವಿದ್ಯುತ್ತಿನ ಕಡಿತ. ಎಂಜಿನ್ನಿನ ಕ್ರ್ಯಾಂಕ್ ದಂಡ ಯಾವ ಕ್ಷಣದಲ್ಲಿ ಯಾವ ಸ್ಥಾನದಲ್ಲಿದೆಯೆಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಎಂಬ ಪುಟ್ಟ ಭಾಗವು ಹಳತಾದಾಗ, ಹೆದ್ದಾರಿಯ ಓಟದ ಬಿಸಿಗೆ ಅದರೊಳಗಿನ ಸಂಪರ್ಕ ಬಿಟ್ಟುಹೋಗಿ, ಕಿಡಿಯೂ ಪೆಟ್ರೋಲೂ ಏಕಕಾಲಕ್ಕೆ ನಿಲ್ಲುತ್ತವೆ. ಆಗ ಕಾರು ಗೇರಿನಲ್ಲಿ ಇನ್ನೂ ಉರುಳುತ್ತಿದ್ದರೂ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಸಾಮಾನ್ಯವಾಗಿ ಥಟ್ಟನೆ ಸೊನ್ನೆಗೆ ಬೀಳುತ್ತದೆ.

ಈ ಎರಡನೆಯ ಬಗೆಯೇ ಪಂಡಿತನ ಕೀರ್ತಿಯ ಮೂಲವೆಂಬುದು ಸೂಕ್ಷ್ಮವಾಗಿ ಗಮನಿಸಿದವರಿಗೆ ಹೊಳೆಯುತ್ತದೆ. ಜನವಾಡದ ಆಚೆ, ಮೇ ತಿಂಗಳ ಬಿಸಿಲಿನಲ್ಲಿ ಕಾರು ನಿಂತಿದೆಯೆನ್ನೋಣ. ‘ಏನ್ ಆಗ್ಯಾದ್ರಿ?’ ಎಂದು ಪಂಡಿತ ವಿಚಾರಿಸುತ್ತಾನೆ. ‘ಜೋರ್ ಹೊಡದ್ರ ಬಂದ್ ಬೀಳತದ ಕಾಕಾ’ ಎಂದು ಮಾಲೀಕ ಉತ್ತರಿಸುವಷ್ಟರಲ್ಲಿ, ‘ಏನೂ ಆಗಿಲ್ಲ, ಕಚರಾ ಬಂದದ’ ಎಂಬ ತೀರ್ಪು ಹೊರಬಿದ್ದಿರುತ್ತದೆ. ನಂತರ ಪಂಡಿತ ಒಂದು ಹರಳುಕಲ್ಲಿನಿಂದ ಯಾವುದೋ ಡಬ್ಬಿಯನ್ನು ಮೂರು ಬಾರಿ ತಟ್ಟಿಸಿ, ಇಂದಿನ ಪೆಟ್ರೋಲಿನ ಕಲಬೆರಕೆ, ಹಳೆಯ ಗಾಡಿಗಳ ಗಟ್ಟಿತನ, ಉದಗೀರದ ಮಿಸ್ತ್ರಿಯೊಬ್ಬನ ಕೈಗುಣ ಇವುಗಳನ್ನು ಕುರಿತು ಅರ್ಧ ತಾಸು ಪ್ರವಚನ ನೀಡುತ್ತಾನೆ. ಅಷ್ಟರಲ್ಲಿ ಎಂಜಿನ್ ತಣಿದು, ಸೆನ್ಸರಿನ ಸಂಪರ್ಕ ತಾನಾಗಿ ಕೂಡಿಕೊಂಡು, ಕಾರು ಒಂದೇ ಸೆಲ್ಫ್‌ಗೆ ಚಾಲೂ ಆಗುತ್ತದೆ. ‘ನಾ ಹೇಳಿದ್ದಿಲ್ಲೇನ್ರಿ?’ ಎಂದು ಪಂಡಿತ ಸುತ್ತಲೂ ನೋಡುತ್ತಾನೆ. ಮಾಲೀಕ ಕೈಮುಗಿದು ಹೊರಡುತ್ತಾನೆ. ಎಂಜಿನ್ ಮತ್ತೆ ಕಾದು ಸಂತಪುರದ ಹತ್ತಿರ ಕಾರು ಪುನಃ ನಿಂತಾಗ, ಮೊದಲ ಪಂಡಿತ ಅಲ್ಲಿರುವುದಿಲ್ಲ, ಆ ಊರಿನ ಪಂಡಿತ ಇರುತ್ತಾನೆ. ಹೀಗೆ ವಾಸಿಮಾಡಿದ ಪುಣ್ಯವೆಲ್ಲ ಪಂಡಿತನಿಗೆ ಸಂದು, ಮರುಕಳಿಸಿದ ಪಾಪ ಮುಂದಿನ ಊರಿಗೆ ವರ್ಗವಾಗುತ್ತದೆ.

ಸ್ಕ್ಯಾನರ್ ಯಂತ್ರದ ವಿಷಯದಲ್ಲಿ ಪಂಡಿತನ ನಿಲುವು ಕಟುವಾಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲಿನ ಕಾರುಗಳಲ್ಲೂ, ಅವಕ್ಕಿಂತ ಕೆಲವು ವರ್ಷ ಹಳೆಯವಾದ ಬಹಳಷ್ಟು ಕಾರುಗಳಲ್ಲೂ, ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಕಿಂಡಿಗೆ ಈ ಯಂತ್ರವನ್ನು ಜೋಡಿಸಿದರೆ ಕಂಪ್ಯೂಟರು ನೆನಪಿಟ್ಟ ದೋಷದ ಸಂಕೇತ ತೆರೆಯ ಮೇಲೆ ಬರುತ್ತದೆ. ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರಿನ ಮಂಡಲದಲ್ಲಿ ತೊಂದರೆ, ಪಿ0087 ಎಂದರೆ ಇಂಧನದ ಒತ್ತಡ ತೀರ ಕಡಿಮೆ. ಸಂಕೇತವು ದಿಕ್ಕನ್ನಷ್ಟೇ ತೋರಿಸುವುದರಿಂದ, ಒಳ್ಳೆಯ ಮಿಸ್ತ್ರಿ ಅನಂತರ ವೈರು ಪರೀಕ್ಷಿಸಿ, ಗೇಜು ಹಚ್ಚಿ ಒತ್ತಡ ಅಳೆದು, ಆಮೇಲೆ ಪಾನಾ ಹಿಡಿಯುತ್ತಾನೆ. ಪಂಡಿತನ ಅಭಿಪ್ರಾಯದಲ್ಲಿ ಇದೆಲ್ಲ ಕಿವಿ ಇಲ್ಲದವರ ಕಸುಬು.

ಆದರೂ ಪಂಡಿತನನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಫಿಲ್ಟರಿನಲ್ಲಿ ಕಚರಾ ಸೇರುವುದು ಸಾಮಾನ್ಯ ಸಂಗತಿಯಾದ್ದರಿಂದ ಆತನ ಮಾತು ಒಮ್ಮೊಮ್ಮೆ ನಿಜವೂ ಆಗುತ್ತದೆ. ಬಿಸಿಲಿನಲ್ಲಿ ಒಂಟಿಯಾಗಿ ನಿಂತವನಿಗೆ ನೀರು, ನೆರಳು, ಮಿಸ್ತ್ರಿಯ ಫೋನ್ ನಂಬರು ಒದಗಿಸುವವನೂ ಅವನೇ. ಆತನ ದೋಷ ಒಂದೇ: ಉತ್ತರವನ್ನು ಮೊದಲೇ ತಂದಿರುವುದರಿಂದ ಪ್ರಶ್ನೆ ಕೇಳುವುದಿಲ್ಲ. ಕಾರು ಜರ್ಕ್ ಹೊಡೆದು ನಿಂತಿತೋ, ಸ್ವಿಚ್ ಆರಿಸಿದಂತೆ ನಿಂತಿತೋ, ಮುಳ್ಳು ಎಲ್ಲಿತ್ತು, ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು, ಎಷ್ಟು ಹೊತ್ತಿಗೆ ಮತ್ತೆ ಚಾಲೂ ಆಯಿತು ಎಂಬಿಷ್ಟು ತಿಳಿದರೆ ಅರ್ಧ ರೋಗ ಪತ್ತೆಯಾದಂತೆಯೇ. ಆದ್ದರಿಂದ ವಾಹನದಾರರು ಎಂಜಿನ್ ನಿಂತೊಡನೆ, ಸ್ಟೀರಿಂಗೂ ಬ್ರೇಕೂ ಬಿಗಿಯಾಗುತ್ತವೆಂಬುದನ್ನು ನೆನಪಿಟ್ಟು, ಬ್ರೇಕನ್ನು ಪದೇ ಪದೇ ತುಳಿಯದೆ ಒಮ್ಮೆಗೇ ಒತ್ತಿಹಿಡಿದು ಎಡಕ್ಕೆ ಸರಿಯಬೇಕು; ಮೇಲಿನ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದು ಮಿಸ್ತ್ರಿಗೆ ಒಪ್ಪಿಸಬೇಕು; ಪಂಡಿತನಿಗೆ ಅವಶ್ಯವಾಗಿ ಚಹಾ ಕುಡಿಸಬೇಕು, ಆದರೆ ಆತನ ಮಾತಿನ ಮೇಲೆ ಒಂದು ಪ್ಲಗ್ಗನ್ನೂ ಬದಲಿಸಬಾರದು.