ಬೀದರ್ ಮತದಾರನ ಅಭಾವ ಮೀಮಾಂಸೆ

ಲೋಕಸಭಾ ಚುನಾವಣೆಯಲ್ಲಿ ಮತದಾರ ಏನು ನೋಡಿ ಬಟನ್ ಒತ್ತುತ್ತಾನೆ? ಬೆಲೆಯೇರಿಕೆ, ನಿರುದ್ಯೋಗ, ರಾಷ್ಟ್ರೀಯತೆ, ಜಾತಿ ಎಂದು ದಿಲ್ಲಿಯ ಪಂಡಿತರು ಪಟ್ಟಿ ಕೊಡುತ್ತಾರೆ. ಆ ಪಟ್ಟಿ ಮಾಂಜ್ರಾ ನದಿ ದಾಟುವಷ್ಟರಲ್ಲಿ ಏನಾಗುತ್ತದೆಂದು ನೋಡುವ ಪುರುಸೊತ್ತು ಅವರಿಗಿಲ್ಲ. ನಮಗಿದೆ. ನಮ್ಮ ಸಿದ್ಧಾಂತ ಇಷ್ಟೇ: ಬೀದರ್ ಮತದಾರನ ಬೆರಳು ಹೊರಳುವುದು ಇಲ್ಲದ್ದರ ಕಡೆಗೆ. ಇಲ್ಲದ್ದಕ್ಕೆ ನ್ಯಾಯ-ವೈಶೇಷಿಕರು ಅಭಾವವೆಂದು ಹೆಸರಿಟ್ಟು ನಾಲ್ಕು ಬಗೆ ಮಾಡಿದ್ದಾರೆ. ನಾಲ್ಕೂ ಒಂದೇ ಕ್ಷೇತ್ರದಲ್ಲಿ ಸಿಕ್ಕಿದ್ದು ವಿದ್ವಾಂಸರ ಪುಣ್ಯ, ಊರಿನವರ ಕರ್ಮ.

ಒಂದು, ಪ್ರಾಗಭಾವ. ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯ ಉಂಟು. ಉದಾಹರಣೆ, ಔರಾದ್‌ನ ರೈಲು. ಔರಾದ್ ಮೂಲಕ ಹೋಗಬೇಕಾದ ಬೀದರ್–ನಾಂದೇಡ್ ಮಾರ್ಗದ ಮಾತು ಪ್ರತಿ ಚುನಾವಣೆಗೂ ತಪ್ಪದೆ ಬರುತ್ತದೆ. ರೈಲಿಗಿಂತ ಸಮಯಪಾಲನೆ ಅದಕ್ಕೇ ಹೆಚ್ಚು. ಅಂತ್ಯ ಉಂಟೆಂಬುದಕ್ಕೆ ಪ್ರಮಾಣ ಬೀದರ್–ಕಲಬುರಗಿ ಮಾರ್ಗ. 110 ಕಿ.ಮೀ. ಹಳಿ ಹಾಸಲು ಸುಮಾರು ಎರಡು ದಶಕ ಹಿಡಿದು, 2017ರ ಅಕ್ಟೋಬರ್ 29ರಂದು ಪ್ರಧಾನಿ ಮೋದಿ ಹಸಿರು ನಿಶಾನೆ ತೋರಿದರು.

ಎರಡು, ಪ್ರಧ್ವಂಸಾಭಾವ. ಇದ್ದದ್ದು ಹಾಳಾದ ಮೇಲಿನ ಇಲ್ಲದಿರುವಿಕೆ. ಆದಿ ಉಂಟು, ಅಂತ್ಯವಿಲ್ಲ. ಬಾಗಿಲು ಹಾಕಿದ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಇದರ ಶುದ್ಧ ರೂಪ. ಬೆಂಗಳೂರಿನ ವಿಮಾನ ಮಾತ್ರ ತರ್ಕಕ್ಕೆ ತೊಡಕು: 2020ರಲ್ಲಿ ಹುಟ್ಟಿ, 2024ರ ಮತದಾನದ ಹೊತ್ತಿಗೆ ಇಲ್ಲವಾಗಿ, 2025ರಲ್ಲಿ ಮತ್ತೆ ಹಾರಿತು. ಪುನರ್ಜನ್ಮವಿರುವ ಪ್ರಧ್ವಂಸವನ್ನು ನ್ಯಾಯಸೂತ್ರದ ಗೌತಮ ಮುನಿಯೂ ಊಹಿಸಿರಲಿಲ್ಲ.

ಮೂರು, ಅನ್ಯೋನ್ಯಾಭಾವ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಔರಾದ್ ಶಾಸಕ ಪ್ರಭು ಚವ್ಹಾಣ್. ಔರಾದ್‌ನವರೇ ಆದ ಆಗಿನ ಸಂಸದ, ಕೇಂದ್ರ ಸಚಿವ ಭಗವಂತ ಖೂಬಾ. ಒಂದೇ ತಾಲ್ಲೂಕು, ಒಂದೇ ಕಮಲ. ಆದರೂ 2024ರಲ್ಲಿ ಖೂಬಾಗೆ ಟಿಕೆಟ್ ಬೇಡವೆಂದು ಶಾಸಕರು ಬಹಿರಂಗವಾಗಿ ಹಟ ಹಿಡಿದರು. ಟಿಕೆಟ್ ಬಂತು, ಗೆಲುವು ಬರಲಿಲ್ಲ. ಭಾಲ್ಕಿಯಲ್ಲಿ ಇದರ ಉಲ್ಟಾ. 2019ರಲ್ಲಿ ಖೂಬಾ ಎದುರು ಸೋತಿದ್ದ ಈಶ್ವರ ಖಂಡ್ರೆಯವರ ಮಗ, 26ರ ಸಾಗರ್, ಅದೇ ಖೂಬಾರನ್ನು 1.28 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ತಂದೆ–ಮಗನ ನಡುವೆ ಅನ್ಯೋನ್ಯ ಮಾತ್ರ ಇದೆ, ಅಭಾವ ಕಾಣುವುದಿಲ್ಲ. (ಜಾತಿಯ ಮಾತು ಬಿಟ್ಟಿರೆಂದು ಪೂರ್ವಪಕ್ಷಿ ಗೊಣಗಬಹುದು. ಇಬ್ಬರೂ ಹುರಿಯಾಳುಗಳು ಲಿಂಗಾಯತರೇ. ಆ ಖಾತೆಯಲ್ಲಿ ಜಮಾ–ಖರ್ಚು ತಾಳೆಯಾಯಿತು.)

ನಾಲ್ಕು, ಅತ್ಯಂತಾಭಾವ. ಮೂರು ಕಾಲದಲ್ಲೂ ಇಲ್ಲದ್ದು, ಅಂದರೆ ಪ್ರಣಾಳಿಕೆ ಓದಿದ ಮತದಾರ. ಬೀದರ್ ಚೌಬಾರಾದ ಮೇಲೆ ಹತ್ತಿ ನಿಂತು ನೋಡಿದರೂ ಅಂಥವನು ಕಾಣಿಸುವುದಿಲ್ಲ. ಪಕ್ಷನಿಷ್ಠೆಯೂ ಇದೇ ವರ್ಗವೆಂದು ನಮ್ಮ ಗುಮಾನಿ. ರಾಮಚಂದ್ರ ವೀರಪ್ಪನವರನ್ನು ಇದೇ ಜನ 1962 ಮತ್ತು 1967ರಲ್ಲಿ ಕಾಂಗ್ರೆಸ್ಸಿನಿಂದ ಆರಿಸಿದರು. 1991ರಿಂದ 2004ರವರೆಗೆ ಸತತ ಐದು ಸಲ ಬಿಜೆಪಿಯಿಂದ ಆರಿಸಿದರು. ಜನಕ್ಕೆ ಮನುಷ್ಯನ ಗುರುತಿತ್ತು, ಚಿಹ್ನೆಯನ್ನು ತಾವೇ ಹುಡುಕಿಕೊಂಡರು.

ಇಷ್ಟಾದ ಮೇಲೆ ಸಿದ್ಧಾಂತ ಗಟ್ಟಿಯಾಯಿತೆಂದು ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕುಳಿತಾಗ, ಪಕ್ಕದಲ್ಲಿದ್ದ ತೊಗರಿ ಬೆಳೆಗಾರರೊಬ್ಬರು ಇರುವುದನ್ನೇ, ಅಂದರೆ ಭಾವಪದಾರ್ಥವನ್ನು, ತಂದು ಎದುರಿಗಿಟ್ಟರು. ಹೆಂಡತಿಗೆ ಗೃಹಲಕ್ಷ್ಮಿಯ 2,000 ರೂಪಾಯಿ, ಅವರಿಗೆ ಕಿಸಾನ್ ಸಮ್ಮಾನ್‌ನ 2,000 ರೂಪಾಯಿ. ಒಂದು ಬೆಂಗಳೂರಿನದು, ಇನ್ನೊಂದು ದಿಲ್ಲಿಯದು. ಸಮಬಲವಲ್ಲವೇ ಎಂದೆವು.

“ಎಲ್ಲಿ ಸಮ ರೀ? ಆಕಿ ಫೋನ್ ತಿಂಗ್ಳಾ ಟುಣ್ ಅಂತದ. ನಂದು ವರ್ಷದಾಗ ಮೂರೇ ಸಲ. ಇನ್ನ ಮನ್ಯಾಗ ಯಾರ್ ಮಾತ್ ನಡೀತದ, ನೀವೇ ಹೇಳ್ರಿ.”

ಈ ಆಕ್ಷೇಪಕ್ಕೆ ನ್ಯಾಯಶಾಸ್ತ್ರದಲ್ಲಿ ಸಮಾಧಾನ ಸಿಗದ ಕಾರಣ 2029ಕ್ಕೆ ಮುನ್ನ ಔರಾದ್‌ನಲ್ಲಿ ಮರುಶೋಧನೆ ಅವಶ್ಯವಾಗಿದೆ. ಅಲ್ಲಿಗೆ ರೈಲಿಲ್ಲ, ಬಸ್ಸಿದೆ. ಸಂಶೋಧಕ ಗಂಡಸಾದ್ದರಿಂದ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ. ಹೋಗಿಬರುವ ಟಿಕೆಟ್ ದುಡ್ಡನ್ನು ಸಂಬಂಧಪಟ್ಟವರು ಮಂಜೂರು ಮಾಡಬೇಕು.