ಒಂದು ಕೋಟಿ ಎಂಬತ್ತನಾಲ್ಕು ಲಕ್ಷದ ಗುಣವಿಮರ್ಶೆ

ಸಂಖ್ಯೆಗಳಲ್ಲಿ ಕೆಲವು ಎಣಿಸುವುದಕ್ಕೂ ಕೆಲವು ಪೂಜಿಸುವುದಕ್ಕೂ ಹುಟ್ಟಿವೆಯೆಂಬುದನ್ನು, ಸಭೆಗಳಲ್ಲಿ ಹಾರ ಹಾಕಿಸಿಕೊಂಡು ಅಂಕಿಗಳ ಅಂತರಾರ್ಥವನ್ನು ಉಪದೇಶಿಸುವ ಪಂಡಿತೋತ್ತಮರ ಮುಂದೆ ಅನೇಕ ಸಾಯಂಕಾಲಗಳನ್ನು ಕಳೆದುಕೊಂಡ ಮೇಲೆ, ನಾನೂ ಒಪ್ಪಬೇಕಾಯಿತು. ಆದಕಾರಣ ಅವರ ಸರಣಿಯನ್ನೇ ಹಿಡಿದು, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿ, ಆಂಜನೇಯನ ಕ್ಷೇತ್ರವಾದ ಕೆಂಗಲ್ಲನ್ನು ತಮ್ಮ ಹೆಸರಿನ ಮುಂದೆ ಧರಿಸಿದ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ವೆಚ್ಚವೆಂದು ಪ್ರಸಿದ್ಧವಾದ 1,84,00,000 ಎಂಬ ಮಹಾಸಂಖ್ಯೆಯನ್ನು ಇಲ್ಲಿ ಪರಾಮರ್ಶಿಸಲಾಗುವುದು.

ಇದರ ಗುಣಗಳು ಪಂಚವಿಧ: ಸ್ಥೂಲ, ಸೂಕ್ಷ್ಮ, ಅತಿಸೂಕ್ಷ್ಮ, ಪರಾತ್ಪರ, ಅನಿರ್ವಚನೀಯ. ಎಂಟು ಅಂಕಿಗಳಿದ್ದು ಅವುಗಳಲ್ಲಿ ಐದು ಶೂನ್ಯವಾಗಿರುವುದು ಸ್ಥೂಲಗುಣ. ಸರ್ಕಾರಿ ಲೆಕ್ಕದಲ್ಲಿ ಇದು ಅಪೂರ್ವವೇನಲ್ಲ. ಎರಡನ್ನು ಎಂಟು ಬಾರಿ, ಐದನ್ನು ಐದು ಬಾರಿ, ಇಪ್ಪತ್ತಮೂರನ್ನು ಒಂದೇ ಬಾರಿ ಇಟ್ಟು ಗುಣಿಸಿದರೆ ಇದು ದೊರೆಯುವುದೆಂಬ ಅವಿಭಾಜ್ಯಾವಯವವಿಘಟನವು ಸೂಕ್ಷ್ಮಗುಣ. ಈ ವಿಘಟನದಿಂದ ಭಾಜಕಗಳನ್ನು ಎಣಿಸಲಾಗಿ, ಒಂಬತ್ತು, ಆರು, ಎರಡು ಇವುಗಳ ಗುಣಲಬ್ಧವಾಗಿ, ನೂರೆಂಟು! ಇದೇ ಅತಿಸೂಕ್ಷ್ಮಗುಣ. ಜಪಸರದ ಮಣಿಗಳೆಷ್ಟೋ ಅಷ್ಟು. ಗುಮಾಸ್ತರು ಒಂದು ಕೈಯಲ್ಲಿ ಲೇಖನಿಯನ್ನೂ ಇನ್ನೊಂದರಲ್ಲಿ ರುದ್ರಾಕ್ಷಿಯನ್ನೂ ಹಿಡಿದು ಖರ್ಚು ಬರೆದರೆಂಬ ಸಿದ್ಧಾಂತಕ್ಕೆ ಇನ್ನಾವ ಪ್ರಮಾಣ ಬೇಕು? ಒಂದೇ ರೂಪಾಯಿ ಹೆಚ್ಚಿಸಿದರೆ ಈ ನೂರೆಂಟು ಮಾಯವಾಗುತ್ತದೆ ಎಂಬುದನ್ನೂ, ಮೂಲಸಂಖ್ಯೆಯ ಹಿಂದೆ 'ಸುಮಾರು' ಎಂಬ ಪದವಿದೆ ಎಂಬುದನ್ನೂ ವೇದಿಕೆಯ ಮೇಲೆ ಹೇಳುವ ವಾಡಿಕೆಯಿಲ್ಲ.

ಉಳಿದೆರಡು ಗುಣಗಳನ್ನು ಓದುಗರೇ ಕಲ್ಪಿಸಿಕೊಳ್ಳಬಹುದು, ನನಗೆ ಬೇಸರವಾಗಿದೆ.

ಅಂಕಿಗಳ ಸೊಗಸು ಸುಳ್ಳೆಂದು ನಾನು ಹೇಳುತ್ತಿಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 27994681ನ್ನು 441ರಿಂದ ಗುಣಿಸಿ, ಹಿಂದುಮುಂದಾಗಿ ಓದಿದರೂ ಒಂದೇ ಆದ 12345654321ನ್ನು ಪಡೆದು ಅದನ್ನು ಹಾರವೆಂದೇ ಕರೆದನು. ಆದರೆ ಆತನು ಅದನ್ನು ಯಾರ ಕೊರಳಿಗೂ ಹಾಕಿಸಲಿಲ್ಲ. ಅದರಿಂದ ಯಾರ ಭವಿಷ್ಯವನ್ನೂ ನುಡಿಯಲಿಲ್ಲ.

1951ರಲ್ಲಿ ನೆಹರೂ ಅವರಿಂದ ಶಂಕುಸ್ಥಾಪನೆಯಾಗಿ 1956ರಲ್ಲಿ ಮುಗಿದ ಆ ಸೌಧದ ಗೋಡೆಗೆ ಬೆಂಗಳೂರಿನ ಕಗ್ಗಲ್ಲು, ಅಲಂಕಾರಕ್ಕೆ ನಮ್ಮ ಮಾಗಡಿಯ ನಸುಗೆಂಪು ಕಲ್ಲು ಹೋಯಿತು. ಕಲ್ಲಿನ ಊರು ದಾಖಲೆಯಲ್ಲಿದೆ; ಕಲ್ಲು ಹೊತ್ತವನ ಊರು ಎಲ್ಲಿದೆ? ದುಡಿದವರು ಐದು ಸಾವಿರ ಕೂಲಿಯಾಳುಗಳು, ಅವರಲ್ಲಿ ಬಹುಮಂದಿ ಸೆರೆಮನೆಯ ಕೈದಿಗಳು, ಜೊತೆಗೆ ಸಾವಿರದೈನೂರು ಕಲ್ಲುಕುಟಿಗರು, ಗಾರೆಯವರು, ಬಡಗಿಗಳು ಎನ್ನುತ್ತಾರೆ. ಅವರಲ್ಲಿ ಒಬ್ಬನ ಹೆಸರನ್ನಾದರೂ ಉಚ್ಚರಿಸಿದ ಅಂಕಪಂಡಿತನನ್ನು ನಾನು ಕಂಡಿಲ್ಲ. ಕೇಳಿದರೆ, ಬಾಗಿಲ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿರುವುದನ್ನು ತೋರಿಸುತ್ತಾರೆ. ಅದನ್ನು ಕೆತ್ತಿದ ಕೈ ಯಾರದೆಂದು ಕೇಳಿದರೆ ಸಿಟ್ಟಾಗುತ್ತಾರೆ.

ಹಾಗಿದ್ದರೆ ಪಂಡಿತರೇ, ನೀವು ಬಿಟ್ಟ ಒಂದು ಭಾಗಾಹಾರವನ್ನು ನಾನೇ ಮಾಡುತ್ತೇನೆ. ನಿಮ್ಮ ಮಹಾಸಂಖ್ಯೆಯನ್ನು ಆ ಆರು ಸಾವಿರದ ಐನೂರು ಮಂದಿಗೆ ಹಂಚಿರಿ: ತಲೆಗೆ 2,830 ಬಂದು, ಶೇಷವಾಗಿ ನಿಲ್ಲುವುದು ಸರಿಯಾಗಿ 5,000. ಕೂಲಿಯಾಳುಗಳೂ ಅಷ್ಟೇ ಮಂದಿ. ಇದು ಆಕಸ್ಮಿಕವೆಂದು ನಾನೂ ಬಲ್ಲೆ. ಆದರೆ ನಿಮ್ಮ ನೂರೆಂಟಕ್ಕೆ ಇರುವಷ್ಟು ಅರ್ಥ ಇದಕ್ಕೂ ಇದೆ.